ಬೋರ್ಡಿಯ ಅಂಗಳದ ತಾರಾಬಾಯಿ

ನನ್ನ ಅಮ್ಮ ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದರು. ನನ್ನ ಮೊದಲ ಶಾಲೆಯೂ ಅದೇ. ಅದಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಊರಿನವರೊಬ್ಬರ ಮನೆಯ ಜಗಲಿ, ಅದರ ಮುಂದಿನ ಅಂಗಳ, ಅಷ್ಟೇ. ತೊಲೆಗೆ ತೂಗುಹಾಕಿದ ತಕ್ಕಡಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ತೂಕ ನೋಡುವಾಗ ನಾವು ಅದನ್ನು ಉಯ್ಯಾಲೆ ಎಂದುಕೊಂಡು ಇಳಿಯುವುದಕ್ಕೇ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಅಮ್ಮ ಮತ್ತು ಸಹಾಯಕಿ ಅಕ್ಕ ಬೀದಿ ಬೀದಿ ತಿರುಗಿ ಮಕ್ಕಳನ್ನು ಕರೆತರುತ್ತಿದ್ದರು. ನಾಟಿ ಕಾಲ ಬಂತೆಂದರೆ ಮಕ್ಕಳ ಜೊತೆಗೆ ಅವರ ಅಕ್ಕಂದಿರೂ ಕಂಕುಳಲ್ಲಿ ಕೂಸು ಹೊತ್ತು ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಆ ಅಕ್ಕಂದಿರಿಗೂ ಅಂಗನವಾಡಿಯ ರಿಜಿಸ್ಟರಿಗೂ ಸಂಬಂಧವಿರಲಿಲ್ಲ. ಅಮ್ಮ ಅವರನ್ನು ಎಬ್ಬಿಸಿ ಕಳಿಸಿದ್ದು ನನಗೆ ನೆನಪಿಲ್ಲ.

ಅಂಗನವಾಡಿ ಎನ್ನುವುದು ಸರ್ಕಾರದವರು ಫೈಲಿನಲ್ಲಿ ಕೂತು ಇಟ್ಟ ಹೆಸರು ಎಂದೇ ನಾನು ತಿಳಿದಿದ್ದೆ. ಹಾಗಲ್ಲ ಎಂದು ಗೊತ್ತಾಗಿದ್ದು ಕೆಲಸಕ್ಕೆಂದು ಮುಂಬೈಗೆ ಬಂದು ಏಳು ವರ್ಷವಾದ ಮೇಲೆ.

ಒಂದು ವಾರಾಂತ್ಯ ಆಫೀಸಿನ ಗೆಳೆಯರೊಂದಿಗೆ ಬೋರ್ಡಿಗೆ ಹೋಗಿದ್ದೆ. ಮುಂಬೈಯಿಂದ ಉತ್ತರಕ್ಕೆ, ಗುಜರಾತ್ ಗಡಿಗೆ ಅಂಟಿಕೊಂಡಂತಿರುವ ಸಮುದ್ರ ತೀರದ ಊರು. ಸರ್ವೆ ಮರಗಳು, ಚಿಕ್ಕು ತೋಟಗಳು, ಪಾರ್ಸಿಗಳ ಹಳೆಯ ಬಂಗಲೆಗಳು. ಹತ್ತಿರದ ಘೋಲ್ವಡ್ ಸ್ಟೇಷನ್ನಿನಲ್ಲಿ ಇಳಿದರೆ ಸಾಕು. ನಾವು ಉಳಿದಿದ್ದ ಮನೆಯ ಯಜಮಾನಿ ಅಜ್ಜಿ ಊಟಕ್ಕೆ ಬಡಿಸುತ್ತಾ ನನ್ನ ಊರು, ಮನೆ ವಿಚಾರಿಸಿದರು. ಅಮ್ಮನ ಕೆಲಸ ಹೇಳಿದೆ. ಆಕೆ ಸೌಟನ್ನು ಕೆಳಗಿಟ್ಟು, ಅಂಗನವಾಡಿ ಹುಟ್ಟಿದ್ದೇ ನಮ್ಮ ಈ ಊರಿನಲ್ಲಿ, ಗೊತ್ತಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಗೊತ್ತಿರಲಿಲ್ಲ. ತಾರಾಬಾಯಿ ಮೋಡಕ್ ಎಂಬ ಹೆಸರನ್ನು ನಾನು ಕೇಳಿದ್ದು ಅಲ್ಲೇ, ಮೀನು ಸಾರಿನ ಮುಂದೆ ಕೂತು. ಮಹಾರಾಷ್ಟ್ರದಲ್ಲಿ ಮಕ್ಕಳ ಶಿಕ್ಷಣದ ಮಾತು ಬಂದರೆ ಈ ಹೆಸರು ಬಾರದೆ ಇರುವುದಿಲ್ಲ. ಅವರು ಇಟ್ಟ ಹೆಸರನ್ನು ದಿನವೂ ಬಳಸುವ ನಮ್ಮ ಕಡೆ ಮಾತ್ರ ಇವರನ್ನು ಬಲ್ಲವರು ಕಡಿಮೆ.

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು. ತಂದೆ ಸದಾಶಿವ ಪಾಂಡುರಂಗ ಕೇಳ್ಕರ್ ಪ್ರಾರ್ಥನಾ ಸಮಾಜದವರು. ಹೆಣ್ಣುಮಕ್ಕಳು ಓದಬೇಕು ಎಂಬುದರಲ್ಲಿ ಆ ಮನೆಯಲ್ಲಿ ಚರ್ಚೆಯೇ ಇರಲಿಲ್ಲ. ಮುಂಬೈಯಲ್ಲಿ ಓದಿ 1914ರಲ್ಲಿ ಬಿ.ಎ. ಮುಗಿಸಿದರು. ಆ ಕಾಲಕ್ಕೆ ಹೆಣ್ಣುಮಗಳೊಬ್ಬಳು ಬಿ.ಎ. ಮಾಡುವುದು ಈಗ ನಮ್ಮ ಎಂ.ಟೆಕ್. ಇದ್ದ ಹಾಗಲ್ಲ, ಬೆರಳೆಣಿಕೆಯ ಮಾತು. ಮೋಡಕ್ ಎಂಬ ವಕೀಲರನ್ನು ಮದುವೆಯಾಗಿ ಅಮರಾವತಿಗೆ ಹೋದರು. ಆ ಸಂಸಾರ ಉಳಿಯಲಿಲ್ಲ. ಪುಟ್ಟ ಮಗಳೊಂದಿಗೆ ಹೊರಬಂದು ರಾಜಕೋಟೆಯಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಒಳ್ಳೆಯ ಸಂಬಳ, ಒಳ್ಳೆಯ ಸ್ಥಾನ.

ಅದೇ ಸೌರಾಷ್ಟ್ರದ ಭಾವನಗರದಲ್ಲಿ ಆಗ ಗಿಜುಭಾಯಿ ಬಧೇಕಾ ಎಂಬ ಒಬ್ಬ ವಕೀಲರಿದ್ದರು. ತಮ್ಮ ಮಗನಿಗೆ ಹೊಡೆತ ಬೈಗುಳವಿಲ್ಲದ ಶಾಲೆ ಬೇಕು ಎಂದು ಹುಡುಕುತ್ತಾ ಹೋದವರು ಮರಿಯಾ ಮಾಂಟೆಸ್ಸರಿಯ ಪುಸ್ತಕಗಳಿಗೆ ಸಿಕ್ಕಿಬಿದ್ದರು, ವಕೀಲಿ ಬಿಟ್ಟರು, ನಾನಾಭಾಯಿ ಭಟ್ಟರ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಬಾಲಮಂದಿರ ತೆರೆದರು. ದೊಡ್ಡ ಮೀಸೆಯ ಈ ಮನುಷ್ಯ ಮಕ್ಕಳ ನಡುವೆ ಕೂರುವ ರೀತಿ ನೋಡಿ ಜನ ಅವರಿಗೆ ಮೀಸೆಯ ತಾಯಿ ಎಂದೇ ಹೆಸರಿಟ್ಟರು. 1923ರಲ್ಲಿ ತಾರಾಬಾಯಿ ಪ್ರಾಂಶುಪಾಲೆಯ ಕುರ್ಚಿ ಬಿಟ್ಟು ಆ ಬಾಲಮಂದಿರ ಸೇರಿಕೊಂಡರು. ಕಾಲೇಜು ನಡೆಸುತ್ತಿದ್ದವರು ಎರಡೂವರೆ ವರ್ಷದ ಮಕ್ಕಳ ಮುಂದೆ ನೆಲದ ಮೇಲೆ ಕೂತರು ಎಂದರೆ, ನಮ್ಮ ಲೆಕ್ಕದಲ್ಲಿ ಅದು ಡಿಮೋಷನ್ನೇ.

ಮುಂದಿನ ಸುಮಾರು ಒಂಬತ್ತು ವರ್ಷ ಇಬ್ಬರೂ ಸೇರಿ ಮಾಡಿದ ಕೆಲಸ ಒಂದು ಶಾಲೆಯ ಗೋಡೆಯೊಳಗೆ ನಿಲ್ಲಲಿಲ್ಲ. ಶಿಕ್ಷಣ ಪತ್ರಿಕಾ ಎಂಬ ಪತ್ರಿಕೆ ಗುಜರಾತಿಯಲ್ಲಿ ಬಂತು, ಆಮೇಲೆ ತಾರಾಬಾಯಿ ಅದನ್ನು ಮರಾಠಿಗೆ, ಹಿಂದಿಗೆ ತಂದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಮಾಂಟೆಸ್ಸರಿ ಹೇಳಿದ್ದನ್ನು ಇವರು ಕಣ್ಣು ಮುಚ್ಚಿ ಒಪ್ಪಿಕೊಳ್ಳಲಿಲ್ಲ. ಪುಟ್ಟ ಮಕ್ಕಳಿಗೆ ಕಲ್ಪನೆಯ ಕಥೆಗಳು ಬೇಡ ಎಂಬ ಕಡೆಗೆ ಆಕೆಯ ಒಲವಿತ್ತು; ಭಾವನಗರದಲ್ಲಿ ಕಥೆ, ಹಾಡು, ಕುಣಿತ, ನಾಟಕ ತುಂಬಿ ತುಳುಕಿದವು. ವಿಚಿತ್ರವೆಂದರೆ ಗಿಜುಭಾಯಿ 1939ರ ಜೂನ್‌ನಲ್ಲಿ ತೀರಿಕೊಂಡರು, ಅದೇ ವರ್ಷದ ನವೆಂಬರ್‌ನಲ್ಲಿ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರಿಗೆ ಬಂದಿಳಿದರು.

ಅಷ್ಟರಲ್ಲಿ ತಾರಾಬಾಯಿ ಮುಂಬೈಗೆ ಮರಳಿದ್ದರು. 1936ರಲ್ಲಿ ದಾದರ್‌ನಲ್ಲಿ ಶಿಶುವಿಹಾರ ಆರಂಭಿಸಿದರು, ಅದರ ಜೊತೆಗೇ ಶಿಕ್ಷಕಿಯರ ತರಬೇತಿ. ನಗರದ ಮಧ್ಯಮ ವರ್ಗದ ತಂದೆತಾಯಿಗಳು ಮಕ್ಕಳನ್ನು ಸಂತೋಷದಿಂದ ಕಳಿಸಿದರು. ಶಾಲೆ ಹೆಸರು ಮಾಡಿತು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಜೀವನ ಚರಿತ್ರೆ ಮುಗಿಯುತ್ತಿತ್ತು. ಒಂದು ಶಾಲೆ, ನಾಲ್ಕು ಶಾಖೆ, ಒಂದು ಸನ್ಮಾನ.

ಆದರೆ ಒಂದು ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ, ಅದು ಗಾಂಧೀಜಿಯವರದೂ ಆಗಿತ್ತು. ಇಷ್ಟು ಚೆಂದದ ಪದ್ಧತಿ ಹಳ್ಳಿಯ ಬಡವರ ಮಕ್ಕಳಿಗೆ ಸಿಗುವುದು ಯಾವಾಗ? ಪಾಲಿಶ್ ಮಾಡಿದ ಮರದ ಸಾಮಗ್ರಿ, ಒಪ್ಪ ಓರಣದ ಕೋಣೆ, ತರಬೇತಾದ ಶಿಕ್ಷಕಿ ಇವೆಲ್ಲ ಎಷ್ಟು ಊರಿಗೆ ಹೋದಾವು? ಇದಕ್ಕೆ ಉತ್ತರ ಹುಡುಕಲು 1945ರಲ್ಲಿ ತಾರಾಬಾಯಿ ಬೋರ್ಡಿಗೆ ಹೊರಟರು. ಆಗ ಅವರ ವಯಸ್ಸು 53. ನಮ್ಮ ಕ್ಷೇತ್ರದಲ್ಲಿ ಆ ವಯಸ್ಸಿಗೆ ಜನ ನಿವೃತ್ತಿಯ ಲೆಕ್ಕ ಹಾಕಿ ಮೈಸೂರಿನಲ್ಲಿ ಸೈಟು ನೋಡುತ್ತಿರುತ್ತಾರೆ.

ಬೋರ್ಡಿಗೆ ಅವರ ಜೊತೆ ಬಂದವರು ಅನುತಾಯಿ ವಾಘ್. ತಾರಾಬಾಯಿಗಿಂತ 18 ವರ್ಷ ಚಿಕ್ಕವರು. 13ನೇ ವಯಸ್ಸಿಗೆ ಮದುವೆ, ಆರು ತಿಂಗಳೊಳಗೆ ವೈಧವ್ಯ. ಆಮೇಲೆ ಛಲ ಹಿಡಿದು ಓದಿ ಪುಣೆಯಲ್ಲಿ ಶಿಕ್ಷಕಿಯಾಗಿದ್ದವರು. ತಾರಾಬಾಯಿ ಕೈಹಾಕಿದ್ದ ಕೆಲಸ ಕಂಡು ಪುಣೆಯ ನೌಕರಿ ಬಿಟ್ಟು ಬಂದರು. ಬೋರ್ಡಿಯಲ್ಲಿ ಆಚಾರ್ಯ ಭಿಸೆಯವರಂಥವರು ಅದಾಗಲೇ ಆದಿವಾಸಿಗಳ ನಡುವೆ ಶಿಕ್ಷಣದ ಕೆಲಸ ಮಾಡುತ್ತಿದ್ದರು. ಹಾಗಾಗಿ ಇವರದು ಖಾಲಿ ಜಾಗದಲ್ಲಿ ಒಬ್ಬರೇ ನಿಂತು ಮಾಡಿದ ಸಾಹಸವಲ್ಲ. ಹಲವರು ಹಿಡಿದ ಹಗ್ಗದ ಒಂದು ತುದಿ ಇವರ ಕೈಯಲ್ಲಿತ್ತು.

ಮೊದಲು ಅವರು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಊರಲ್ಲಿ ಒಂದು ಜಾಗ ನೋಡಿ ಬಾಲವಾಡಿ ತೆರೆದರು. ಅನುಕೂಲವಿದ್ದವರ ಮಕ್ಕಳು ಬಂದರು. ಹರಿಜನ ಕೇರಿಯ ಮಕ್ಕಳು ಬರಲಿಲ್ಲ. ಆದಿವಾಸಿ ಹಾಡಿಯ ಮಕ್ಕಳೂ ಬರಲಿಲ್ಲ. ಯಾರಿಗಾಗಿ ಮುಂಬೈ ಬಿಟ್ಟು ಬಂದರೋ ಅವರೇ ಇಲ್ಲ. ಸಾಫ್ಟ್‌ವೇರಿನಲ್ಲಿ ನಾವು ಇಂಥದ್ದನ್ನು ಎಷ್ಟು ಸಲ ನೋಡಿಲ್ಲ? ಆರು ತಿಂಗಳು ಕೂತು ಕಟ್ಟಿದ ಆ್ಯಪನ್ನು ಯಾರೂ ಬಳಸದಿದ್ದರೆ, ಜನರಿಗೆ ತಿಳಿವಳಿಕೆ ಸಾಲದು ಎಂದು ವರದಿ ಬರೆದು ಕೈತೊಳೆದುಕೊಳ್ಳುತ್ತೇವೆ.

ತಾರಾಬಾಯಿ ಹಾಗೆ ಬರೆಯಲಿಲ್ಲ. ಮಕ್ಕಳು ಬರದಿದ್ದರೆ ಬಾಲವಾಡಿಯೇ ಅಲ್ಲಿಗೆ ಹೋಗಲಿ ಎಂದರು. ಶಿಕ್ಷಕಿಯರು ಕೇರಿಗೆ ಹೋದರು. ಯಾರದೋ ಮನೆಯ ಮುಂದಿನ ಅಂಗಳ ಗುಡಿಸಿ ಅಲ್ಲೇ ಕೂತರು. ಅಕ್ಷರಕ್ಕಿಂತ ಮೊದಲು ನೀರು. ಮಕ್ಕಳ ಮುಖ ತೊಳೆದು, ಸ್ನಾನ ಮಾಡಿಸಿ, ತಲೆ ಬಾಚಿ, ಉಗುರು ಕತ್ತರಿಸಿದರು. ಆಮೇಲೆ ಹಾಡು, ಕಥೆ, ಆಟ. 1945ರಲ್ಲಿ, ಮೇಲ್ಜಾತಿಯ ಮನೆಗಳಿಂದ ಬಂದ ಹೆಣ್ಣುಮಕ್ಕಳು ಹರಿಜನ ಕೇರಿಯ ಮಕ್ಕಳಿಗೆ ಸ್ನಾನ ಮಾಡಿಸುವುದು ಎಂದರೆ ಏನು ಎಂಬುದನ್ನು ನಮ್ಮ ಊರುಗಳನ್ನು ಬಲ್ಲ ನಿಮಗೆ ನಾನು ವಿವರಿಸಬೇಕಾಗಿಲ್ಲ. ಮರಾಠಿಯಲ್ಲಿ ಅಂಗಣ ಎಂದರೆ ನಮ್ಮ ಅಂಗಳವೇ. ಅಂಗಳದಲ್ಲಿ ನಡೆದ ಬಾಲವಾಡಿ ಅಂಗನವಾಡಿಯಾಯಿತು.

ಊರ ಮಧ್ಯದ ಬಾಲವಾಡಿಗೆ ಗೊತ್ತಾದ ವೇಳಾಪಟ್ಟಿ ಇತ್ತು. ಅಂಗಳದ ಬಾಲವಾಡಿಗೆ ಮಕ್ಕಳಿಗೆ ಅನುಕೂಲವಾದ ಹೊತ್ತೇ ಹೊತ್ತು. ಈ ವ್ಯತ್ಯಾಸ ಸಣ್ಣದೆಂದು ಕಾಣಬಹುದು. ನನಗೆ ಇಡೀ ಕಥೆಯಲ್ಲಿ ಇದೇ ದೊಡ್ಡದು ಅನ್ನಿಸುತ್ತದೆ. ಜಾಗ ಬದಲಾಯಿಸುವುದಾದರೂ ಒಂದು ದಿನದ ಕೆಲಸ, ತಮ್ಮ ಗಡಿಯಾರವನ್ನು ಇನ್ನೊಬ್ಬರ ಮಗುವಿಗೆ ಒಪ್ಪಿಸುವುದು ದಿನದಿನದ ಕೆಲಸ. ಮುಂಬೈ ಕನ್ನಡಿಗರ ರಾತ್ರಿ ಶಾಲೆಗಳ ಬಗ್ಗೆ ಇಲ್ಲಿಯ ಹಿರಿಯರು ಹೇಳುವಾಗಲೂ ನಾನು ಕೇಳಿದ್ದು ಇದನ್ನೇ. ಹೋಟೆಲಿನಲ್ಲಿ ಹಗಲೆಲ್ಲ ಲೋಟ ತೊಳೆಯುತ್ತಿದ್ದ ಕರಾವಳಿಯ ಹುಡುಗರಿಗಾಗಿ ಮೇಷ್ಟ್ರುಗಳು ತಮ್ಮ ಸಂಜೆಯ ಊಟದ ಹೊತ್ತನ್ನು ಬಿಟ್ಟುಕೊಟ್ಟಿದ್ದರು.

ಸಾಮಗ್ರಿಯ ಪ್ರಶ್ನೆಗೂ ಬೋರ್ಡಿಯಲ್ಲೇ ಉತ್ತರ ಸಿಕ್ಕಿತು. ಮಾಂಟೆಸ್ಸರಿ ಪೆಟ್ಟಿಗೆಯ ಬದಲು ಬೀಜ, ಎಲೆ, ಕಡ್ಡಿ, ಕಲ್ಲು, ಸಮುದ್ರದ ಚಿಪ್ಪು. ಎಣಿಸಲು, ಜೋಡಿಸಲು, ದೊಡ್ಡದು ಚಿಕ್ಕದು ವಿಂಗಡಿಸಲು ಬೇಕಾದ್ದೆಲ್ಲ ಮರದ ಕೆಳಗೆ ಬಿದ್ದಿತ್ತು. ನಮ್ಮ ಅಮ್ಮನ ಅಂಗನವಾಡಿಯಲ್ಲಿ ಹುಣಸೆ ಬೀಜ, ಹೊಂಗೆ ಕಾಯಿ ಇದ್ದವು. ಅದು ಬಡತನದಿಂದ ಮಾಡಿಕೊಂಡ ವ್ಯವಸ್ಥೆ ಎಂದೇ ನಾನು ಭಾವಿಸಿದ್ದೆ. ಅದರ ಹಿಂದೆ ಯಾರೋ ಕೂತು ಯೋಚಿಸಿದ್ದಾರೆ ಎಂದು ತಿಳಿದಾಗ ಸ್ವಲ್ಪ ನಾಚಿಕೆಯಾಯಿತು.

1957ರಲ್ಲಿ ಕೆಲಸ ಬೋರ್ಡಿಯಿಂದ ಹತ್ತಿರದ ಕೋಸ್‌ಬಾಡ್ ಗುಡ್ಡಕ್ಕೆ ಸ್ಥಳಾಂತರವಾಯಿತು. ಅದು ವಾರ್ಲಿ ಆದಿವಾಸಿಗಳ ನಾಡು. ನಮ್ಮ ಅಪಾರ್ಟ್‌ಮೆಂಟ್ ಗೋಡೆಗಳ ಮೇಲೆ, ಕುರ್ತಾಗಳ ಮೇಲೆ ವಾರ್ಲಿ ಚಿತ್ರಗಳನ್ನು ನೋಡುತ್ತೇವಲ್ಲ, ಆ ಜನ. ಅಲ್ಲಿ ತಾರಾಬಾಯಿಗೆ ಹೊಸದೊಂದು ಎದುರಾಯಿತು. ಐದಾರು ವರ್ಷ ದಾಟಿದ ಹುಡುಗರು ದನ ಮೇಯಿಸಲು ಹೋಗುತ್ತಿದ್ದರು, ಹುಡುಗಿಯರು ತಮ್ಮ ತಂಗಿ ಕಂಕುಳಲ್ಲಿಟ್ಟುಕೊಂಡು ಮನೆ ಕಾಯುತ್ತಿದ್ದರು. ತಾಯಿ ತಂದೆ ಇಬ್ಬರೂ ಕೂಲಿಗೆ ಹೋದರೆ ತಾನೇ ಸಂಜೆ ಒಲೆ ಉರಿಯುವುದು. ಅವರಿಗೆ ಹೋಗಿ ಶಿಕ್ಷಣದ ಮಹತ್ವ ಹೇಳಿದರೆ ಯಾರು ಕೇಳುತ್ತಾರೆ, ಯಾಕೆ ಕೇಳಬೇಕು?

ಹುಡುಗರ ವಿಷಯದಲ್ಲಿ ಶಿಕ್ಷಕರು ದನಗಳ ಹಿಂದೆಯೇ ಹೊರಟರು. ಹುಲ್ಲುಗಾವಲಿಗೆ ಮರಾಠಿಯಲ್ಲಿ ಕುರಣ ಎನ್ನುತ್ತಾರೆ. ಹುಲ್ಲುಗಾವಲಿನಲ್ಲಿ, ಮರದ ನೆರಳಿನಲ್ಲಿ, ಒಂದು ಕಣ್ಣು ದನದ ಮೇಲೆ ಇಟ್ಟುಕೊಂಡು ನಡೆದ ಶಾಲೆ ಕುರಣಶಾಲೆ. ಹುಡುಗಿಯರ ವಿಷಯದಲ್ಲಿ ಮಾಡಿದ್ದು ಇನ್ನೂ ಜಾಣತನದ್ದು. ಕೂಸುಗಳಿಗೆ ಶಿಶುಪಾಲನೆ, ಅವಕ್ಕಿಂತ ದೊಡ್ಡವಕ್ಕೆ ಬಾಲವಾಡಿ, ಅಕ್ಕಂದಿರಿಗೆ ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಸೂರಿನಡಿ ತಂದರು. ಅದಕ್ಕೆ ವಿಕಾಸವಾಡಿ ಎಂದು ಹೆಸರು. ಅಕ್ಕ ಬರುವಾಗ ಕೂಸನ್ನು ಎತ್ತಿಕೊಂಡೇ ಬರಬಹುದು, ಕೂಸನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ತಾನು ಪಾಠಕ್ಕೆ ಕೂರಬಹುದು. ಅತ್ತರೆ ಎದ್ದು ಹೋಗಿ ನೋಡಬಹುದು. ಇದನ್ನು ಓದಿದ ದಿನ ನನಗೆ ಜಗಲಿಯ ಮೇಲೆ ಕೂತ ನಮ್ಮೂರಿನ ಅಕ್ಕಂದಿರು ಕಣ್ಣ ಮುಂದೆ ಬಂದರು. ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, ಆ ಶಾಲೆಯಲ್ಲಿ ಕೂಸುಗಳ ಬಟ್ಟೆ ಒಗೆಯುತ್ತಿದ್ದವರು ಯಾರು ಎಂದು ಕೇಳಿದರು. ನನ್ನ ಓದಿನಲ್ಲಿ ಆ ಪ್ರಶ್ನೆಯೇ ಎದ್ದಿರಲಿಲ್ಲ.

ತಾರಾಬಾಯಿಯ ಕೆಲಸದ ಬಗ್ಗೆ ನನಗೆ ಒಂದು ಇರುಸುಮುರುಸೂ ಇದೆ, ಅದನ್ನು ಮುಚ್ಚಿಡಬಾರದು. ದನ ಕಾಯುವ ಹುಡುಗನ ಬಳಿ ಶಾಲೆ ಹೋಯಿತು ಸರಿ, ಆದರೆ ಅವನು ದನ ಕಾಯುವುದು ತಪ್ಪಲಿಲ್ಲ. ಕೂಸು ಹೊತ್ತ ಹುಡುಗಿಯ ಸೊಂಟದ ಭಾರ ಒಂದಷ್ಟು ಹೊತ್ತು ಇಳಿಯಿತೇ ಹೊರತು ಇಲ್ಲವಾಗಲಿಲ್ಲ. ತಾರಾಬಾಯಿ ಬೋರ್ಡಿಗೆ ಬಂದ ಅದೇ 1945ರಲ್ಲಿ, ಅದೇ ಸೀಮೆಯಲ್ಲಿ ಗೋದಾವರಿ ಪರುಳೇಕರ್ ವಾರ್ಲಿಗಳನ್ನು ಸಂಘಟಿಸಿ ಜಮೀನುದಾರರ ಜೀತದ ವಿರುದ್ಧ ಎದ್ದು ನಿಲ್ಲಿಸಿದ್ದರು. ಮದುವೆಗೆ ಮಾಡಿದ ಸಾಲಕ್ಕೆ ಗಂಡ ಹೆಂಡತಿ ಇಬ್ಬರೂ ಜೀತಕ್ಕೆ ಬೀಳುತ್ತಿದ್ದ ಕಾಲ ಅದು. ಕೂಲಿ ಸರಿಯಾಗದೆ ಮಗುವಿನ ಓದು ಸರಿಯಾಗುವುದಿಲ್ಲ ಎಂದು ಆ ಕಡೆಯವರು ಹೇಳಿದರೆ ಅದು ನಿಜವೇ. ಆದರೆ ಕೂಲಿ ಸರಿಯಾಗುವ ತನಕ ಮೂರು ವರ್ಷದ ಮಗು ಮೂರು ವರ್ಷದ್ದೇ ಆಗಿ ಕಾಯುತ್ತದೆಯೇ? ಎರಡು ಕೆಲಸವೂ ಒಟ್ಟಿಗೆ ನಡೆದದ್ದು ಆ ನಾಡಿನ ಭಾಗ್ಯ ಎಂದಷ್ಟೇ ನಾನು ಅಂದುಕೊಳ್ಳುತ್ತೇನೆ.

1962ರಲ್ಲಿ ತಾರಾಬಾಯಿಗೆ ಪದ್ಮಭೂಷಣ ಬಂತು. 1973ರ ಆಗಸ್ಟ್ 31ರಂದು ತೀರಿಕೊಂಡರು. ಅನುತಾಯಿ ಕೋಸ್‌ಬಾಡ್ ಬಿಟ್ಟು ಹೋಗಲಿಲ್ಲ, ಇನ್ನೂ 19 ವರ್ಷ ಆ ಕೆಲಸ ಮುಂದುವರಿಸಿ 1992ರಲ್ಲಿ ಕಣ್ಣು ಮುಚ್ಚಿದರು. ನಾಯಕಿ ಹೋದ ಮೇಲೆ ಸಂಸ್ಥೆ ಮುಚ್ಚುವುದು ನಮ್ಮಲ್ಲಿ ಮಾಮೂಲು. ಇಲ್ಲಿ ಹಾಗಾಗದಿರಲು ಕಾರಣ ಅನುತಾಯಿ. ತಾರಾಬಾಯಿಯ ಹೆಸರಿಗೆ ಅಂಟಿಕೊಂಡಿರುವ ಎಷ್ಟೋ ಕೆಲಸ ನಿಜಕ್ಕೂ ಇಬ್ಬರದು, ಇಬ್ಬರ ಜೊತೆ ಅಂಗಳ ಗುಡಿಸಿದ ಹೆಸರು ಗೊತ್ತಿಲ್ಲದ ಎಷ್ಟೋ ಶಿಕ್ಷಕಿಯರದು.

ಅವರು ತೀರಿಕೊಂಡ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಅದರ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಕರ್ನಾಟಕದಲ್ಲಿ ಯೋಜನೆ ಮೊದಲು ಶುರುವಾದದ್ದು ಟಿ. ನರಸೀಪುರದಲ್ಲಿ, 100 ಕೇಂದ್ರಗಳೊಂದಿಗೆ. ನಮ್ಮ ತಾಲ್ಲೂಕು! ಅಮ್ಮ ಕೆಲಸಕ್ಕೆ ಸೇರಿದ್ದು ಅದಾಗಿ ಹತ್ತು ವರ್ಷಕ್ಕೆ. ಶಿಶುವಿಹಾರ, ಬಾಲವಾಡಿ, ಅಂಗನವಾಡಿ ಈ ಮೂರೂ ಪದಗಳನ್ನು ನಾವು ಕನ್ನಡದವೇ ಎಂಬಂತೆ ಬಳಸುತ್ತೇವೆ. ಒಬ್ಬ ಹೆಣ್ಣುಮಗಳು ದಾದರ್‌ನಿಂದ ಬೋರ್ಡಿಗೆ, ಬೋರ್ಡಿಯ ಊರ ನಡುವಿನಿಂದ ಕೇರಿಯ ಅಂಗಳಕ್ಕೆ ನಡೆದ ದಾರಿ ಈ ಮೂರು ಪದಗಳಲ್ಲಿದೆ.

ಇಷ್ಟೆಲ್ಲ ಓದಿ ತಿಳಿದುಕೊಂಡ ಮೇಲೂ ಒಂದು ವಿಷಯ ನನ್ನ ಎದುರಿಗೇ ಇತ್ತು, ನಾನು ನೋಡಿರಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಎದುರು 22 ಮಹಡಿಯ ಕಟ್ಟಡ ಏಳುತ್ತಿದೆ. ಕೂಲಿಯವರಲ್ಲಿ ಅರ್ಧ ಜನ ಯಾದಗಿರಿ, ಕಲಬುರಗಿ ಕಡೆಯವರು. ಗೇಟಿನ ಬಳಿ ಒಬ್ಬ ಹುಡುಗಿ, ಎಂಟೊಂಬತ್ತು ವರ್ಷ ಇರಬಹುದು, ತಮ್ಮನನ್ನು ಎತ್ತಿಕೊಂಡು ದಿನಾ ನಿಂತಿರುತ್ತಾಳೆ. ನಾನು ಕನ್ನಡದಲ್ಲಿ ಮಾತಾಡಿಸಿದ ದಿನ ಅವಳಿಗೆ ಆದ ಆಶ್ಚರ್ಯ ನೋಡಬೇಕಿತ್ತು. ಅಣ್ಣಾ, ಅಣ್ಣಾ ಎಂದು ಹಿಂದೆಯೇ ಬಂದಳು. ಊರಲ್ಲಿ ಮೂರನೇ ಕ್ಲಾಸಿನ ತನಕ ಹೋಗಿದ್ದಳಂತೆ. ಇಲ್ಲಿ ತಮ್ಮನನ್ನು ಯಾರು ನೋಡಿಕೊಳ್ಳಬೇಕು? 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಟ್ಟಡದ ಜಾಗದಲ್ಲಿ ಶಿಶುಪಾಲನಾ ಕೋಣೆ ಇರಬೇಕು ಎಂದು 1996ರ ಕಾನೂನು ಹೇಳುತ್ತಿತ್ತು. ಇಲ್ಲಿ ಅಷ್ಟು ಹೆಂಗಸರಿಲ್ಲ ಎಂಬುದು ಮೇಸ್ತ್ರಿಯ ಉತ್ತರ. ನಾನು ಎಣಿಸಿಲ್ಲ.

ನಮ್ಮ ಸೊಸೈಟಿಯ ಕ್ಲಬ್‌ಹೌಸ್ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಖಾಲಿ ಇರುತ್ತದೆ. ಮೇಲಿನ ಮಹಡಿಯ ನಿವೃತ್ತ ಶಿಕ್ಷಕಿ, ಒಬ್ಬ ಮಕ್ಕಳ ಡಾಕ್ಟರು, ನಾನು ಮತ್ತು ನನ್ನ ಹೆಂಡತಿ ಸೇರಿ ಆ ಕೋಣೆಯನ್ನು ದಿನಕ್ಕೆ ಮೂರು ಗಂಟೆ ಕೇಳಿದ್ದೇವೆ. ಕೂಸುಗಳಿಗೆ ಒಂದು ಮೂಲೆ, ಅಕ್ಕಂದಿರಿಗೆ ಒಂದು ಮೂಲೆ. ಧೂಳು, ಸೆಕ್ಯೂರಿಟಿ, ನಾಳೆ ಯಾರಾದರೂ ಬಿದ್ದರೆ ಹೊಣೆ ಯಾರು, ಈ ಪ್ರಶ್ನೆಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ವಾರದಿಂದ ಓಡುತ್ತಿವೆ. ಕೆಲವು ಪ್ರಶ್ನೆಗಳು ಸರಿಯಾದವೇ. ಬಟ್ಟೆ ಒಗೆಯುವವರು ಯಾರು ಎಂದು ಇನ್ನೂ ಯಾರೂ ಕೇಳಿಲ್ಲ, ನಾವೇ ಅದನ್ನು ಪಟ್ಟಿಗೆ ಸೇರಿಸಿದ್ದೇವೆ.

ಮುಂದಿನ ಭಾನುವಾರ ಸಭೆ. ನಮ್ಮದು ಏಳನೆಯ ವಿಷಯ, ಪಾರ್ಕಿಂಗ್ ಆದ ಮೇಲೆ.